ಬಿ.ಎಲ್. ರೈಸ್: ಶಾಸನ, ಕಡತ ಮತ್ತು ತೆಂಗಿನ ಸೀಮೆಯ ಸ್ಥಳೀಯ ದಾಖಲೆಗಳು

ಕನ್ನಡ ಸಂಶೋಧನೆಯ ಇತಿಹಾಸದಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಅವರ ಹೆಸರು ಶಾಸನಗಳೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದೆ. ಅವರನ್ನು ಶಾಸನ ಪಿತಾಮಹರೆಂದು ಕರೆಯುವುದು ರೂಢಿಯಾಗಿದೆ. ಈ ಬಿರುದು ಯೋಗ್ಯವಾದುದೇ ಆದರೂ ಅದು ಅವರ ಬದುಕಿನ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. 1860ರಿಂದ 1885ರವರೆಗಿನ ಇಪ್ಪತ್ತೈದು ವರ್ಷಗಳ ಸೇವೆಯಲ್ಲಿ ರೈಸ್ ಅವರು ವೃತ್ತಿಯಿಂದ ಶಾಸನತಜ್ಞರಾಗಿರಲಿಲ್ಲ. ಶಾಲೆಗಳ ತನಿಖೆ, ವಿದ್ಯಾ ಇಲಾಖೆಯ ಮೇಲ್ವಿಚಾರಣೆ, ಗ್ಯಾಸೆಟಿಯರ್ ರಚನೆ, ಜನಗಣತಿ ಇವೇ ಅವರ ನಿತ್ಯದ ಕೆಲಸಗಳಾಗಿದ್ದವು. ಸಂಸ್ಥಾನವನ್ನು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳೆಂದು ವಿಂಗಡಿಸಿ ಪ್ರತಿಯೊಂದರ ವಿವರವನ್ನೂ ಅದರ ಸ್ಥಾನದಲ್ಲಿ ಇರಿಸುವ ಆಡಳಿತಗಾರನ ಅಭ್ಯಾಸ ಅವರಲ್ಲಿ ಮೊದಲು ಬೇರೂರಿತು. ಶಾಸನಗಳು ಆ ಅಭ್ಯಾಸದ ಚೌಕಟ್ಟಿನೊಳಕ್ಕೆ ಆಮೇಲೆ ಬಂದವು. ‘ಎಪಿಗ್ರಾಫಿಯ ಕರ್ನಾಟಿಕ’ದ ಶಕ್ತಿ ಮತ್ತು ಮಿತಿ ಎರಡೂ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತವೆ. ತುಮಕೂರು ಜಿಲ್ಲೆಯ ಪಶ್ಚಿಮ ಭಾಗದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ.

ರೈಸ್ ಅವರು ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್‌ನ ಪಾದ್ರಿಗಳು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ 1860ರಲ್ಲಿ ಹುಟ್ಟೂರಿಗೆ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಅವರು ಇವರ ಸೋದರರು. 1865ರಲ್ಲಿ ಮೈಸೂರು ಮತ್ತು ಕೊಡಗುಗಳ ಶಾಲೆಗಳ ತನಿಖಾಧಿಕಾರಿಯ ಹುದ್ದೆ ಅವರಿಗೆ ದೊರೆಯಿತು. ರೈಲು ಇನ್ನೂ ಸಂಸ್ಥಾನದ ಒಳನಾಡನ್ನು ಮುಟ್ಟಿರದ ಕಾಲ ಅದು. ತನಿಖೆಯೆಂದರೆ ಊರಿಂದೂರಿಗೆ ಪಯಣ, ಊರ ಹೊರಗೆ ಬಿಡಾರ, ಪಟೇಲ ಶಾನುಭೋಗರ ಭೇಟಿ. ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುಗಳಲ್ಲಿ ನಿಂತಿದ್ದ ಅಕ್ಷರದ ಕಲ್ಲುಗಳು ಅವರ ಕಣ್ಣಿಗೆ ಬಿದ್ದದ್ದು ಈ ಸಂಚಾರಗಳಲ್ಲಿ.

1868ರ ಹೋಬಳಿ ಶಾಲೆಗಳ ಯೋಜನೆ ರೈಸ್ ಅವರ ಶೈಕ್ಷಣಿಕ ಸೇವೆಯಲ್ಲಿ ಪ್ರಮುಖವಾದುದು. ಪ್ರತಿ ಹೋಬಳಿಗೂ ಒಂದು ಸರ್ಕಾರಿ ಕನ್ನಡ ಶಾಲೆ ಇರಬೇಕು, ಅದರ ಉಪಾಧ್ಯಾಯರಿಗೆ ತರಬೇತಿ ಕೊಡಬೇಕು ಎಂಬುದು ಅದರ ತಿರುಳು. ಶಿಕ್ಷಣದ ಇತಿಹಾಸಕಾರರು ಈ ಯೋಜನೆಯನ್ನು ಚರ್ಚಿಸಿದ್ದಾರೆ. ಶಾಸನಾಧ್ಯಯನದವರು ಇದನ್ನು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಆದರೆ ಹೋಬಳಿಯನ್ನು ಆಧಾರ ಘಟಕವಾಗಿ ಹಿಡಿದು ಇಡೀ ಸಂಸ್ಥಾನವನ್ನು ವ್ಯಾಪಿಸಬಹುದೆಂಬ ಅರಿವು ಅವರಿಗೆ ದೊರೆತದ್ದು ಇಲ್ಲಿಯೇ ಎಂದು ಹೇಳಲು ಅವಕಾಶವಿದೆ. ಮೂರು ದಶಕಗಳ ನಂತರ ಶಾಸನಗಳಿಗೆ ಅವರು ಕೊಟ್ಟ ವಿಳಾಸವೂ ಅದೇ ಬಗೆಯದು: ತಾಲ್ಲೂಕು, ಹೋಬಳಿ, ಗ್ರಾಮ, ಗ್ರಾಮದೊಳಗೆ ಕಲ್ಲು ಇರುವ ಜಾಗ, ಕಲ್ಲಿನ ಪ್ರಮಾಣ.

ಶಾಸನಗಳ ಕಡೆಗೆ ಅವರನ್ನು ನೇರವಾಗಿ ತಂದದ್ದು ಸರ್ಕಾರದ ಒಂದು ಹೊರೆ. ಮುಖ್ಯ ಆಯುಕ್ತ ಬೌರಿಂಗ್ ಅವರ ಕಾಲದಲ್ಲಿ, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸಂಸ್ಥಾನದ ಉತ್ತರ ಭಾಗದ ಹಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರಗಳಿದ್ದವು, ಓದುವವರಿರಲಿಲ್ಲ. ಆ ಕೆಲಸ ರೈಸ್ ಅವರ ಪಾಲಿಗೆ ಬಂತು. ಪಂಡಿತರ ನೆರವಿನಿಂದ ಹಳಗನ್ನಡವನ್ನೂ ಶಾಸನದ ಲಿಪಿಯನ್ನೂ ಅವರು ಪಳಗಿಸಿಕೊಂಡರು. ಆ ಶ್ರಮದ ಫಲವಾದ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ 1879ರಲ್ಲಿ ಅಚ್ಚಾಯಿತು. ಈ ನಡುವೆ 1873ರಲ್ಲಿ ಗ್ಯಾಸೆಟಿಯರ್ ರಚನೆಯ ಹೊಣೆ ಅವರಿಗೆ ಬಂದಿತ್ತು. ಮೈಸೂರು ಮತ್ತು ಕೊಡಗುಗಳನ್ನು ಕುರಿತ ಅದರ ಮೂರು ಸಂಪುಟಗಳು 1876ರಿಂದ 1878ರ ಒಳಗೆ ಹೊರಬಂದವು. ಅವು ಧಾತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮದ ವರ್ಷಗಳೂ ಹೌದು. ಊರುಗಳ ಜನಸಂಖ್ಯೆ, ಕೆರೆ, ಬೆಳೆಗಳನ್ನು ಒಂದೆಡೆ ನಮೂದಿಸುತ್ತಿದ್ದಾಗಲೇ ಆ ಅಂಕಿಗಳು ನೆಲದ ಮೇಲೆ ಕರಗುತ್ತಿದ್ದವು. 1881ರ ಜನಗಣತಿಯ ವರದಿಯೂ ಅವರದೇ ಆದುದರಿಂದ, ಕ್ಷಾಮದ ಮುಂಚಿನ ಚಿತ್ರ ಮತ್ತು ನಂತರದ ಲೆಕ್ಕ ಎರಡನ್ನೂ ದಾಖಲಿಸಿದ ಕೈ ಒಂದೇ. 1882ರಲ್ಲಿ ಭಾರತ ಸರ್ಕಾರದ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಗಳಾಗಿ ಸೇವೆ ಸಲ್ಲಿಸಿ ಮರಳಿದ ಮೇಲೆ, 1885ರಲ್ಲಿ ಮೈಸೂರು ಸರ್ಕಾರ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ ಅದನ್ನು ಅವರ ವಶಕ್ಕೆ ಕೊಟ್ಟಿತು. ಮೊದಲ ಐದು ವರ್ಷ ಇತರ ಕೆಲಸಗಳ ಜೊತೆಗೆ ಇದೂ ಒಂದಾಗಿತ್ತು. 1890ರಿಂದ ಅವರು ಪೂರ್ಣಕಾಲ ಇದಕ್ಕೇ ನಿಂತರು.

ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯದು, ಪ್ರಕಟಣೆಯ ವರ್ಷ 1904. ಸಂಖ್ಯೆಯಲ್ಲಿ ಇದು ಕೊನೆಯದಾದರೂ ಅಚ್ಚಿನಲ್ಲಿ ಕೊನೆಯದಲ್ಲ. ಬೆಂಗಳೂರು, ಕೋಲಾರ ಜಿಲ್ಲೆಗಳ ಸಂಪುಟಗಳು ಮರುವರ್ಷ ಹೊರಬಂದವು. ಈ ಸಂಪುಟವನ್ನು ಬಳಸುವವರು ಮೊದಲು ಎದುರಿಸುವ ತೊಡಕೆಂದರೆ ತುರುವೇಕೆರೆಯ ಶಾಸನಗಳನ್ನು ಅದರ ಹೆಸರಿನಡಿಯಲ್ಲಿ ಹುಡುಕಿದರೆ ಅವು ಸಿಕ್ಕುವುದಿಲ್ಲ ಎಂಬುದು. ಅಂದು ತುರುವೇಕೆರೆ ತಿಪಟೂರಿಗೆ ಸೇರಿದ ಉಪತಾಲ್ಲೂಕಾಗಿತ್ತು. ಆದ್ದರಿಂದ ಅಲ್ಲಿನ ಶಾಸನಗಳು, ವಿಘ್ನಸಂತೆ, ನಾಗಲಾಪುರಗಳವೂ ಸೇರಿ, ತಿಪಟೂರಿನ ಕ್ರಮಸಂಖ್ಯೆಯಲ್ಲಿಯೇ ಬರುತ್ತವೆ. ತಿಪಟೂರು ಎಂಬ ತಾಲ್ಲೂಕಿನ ಹೆಸರೂ ಆಗ ಹಳೆಯದಾಗಿರಲಿಲ್ಲ. 1886ರವರೆಗೆ ಅದು ಹೊನ್ನವಳ್ಳಿ ತಾಲ್ಲೂಕು. ರೈಸ್ ಅವರ ಮೊದಲ ಗ್ಯಾಸೆಟಿಯರಿನಲ್ಲಿ ಹೊನ್ನವಳ್ಳಿಯಾಗಿದ್ದದ್ದು 1897ರ ಪರಿಷ್ಕೃತ ಆವೃತ್ತಿಯಲ್ಲಿ ತಿಪಟೂರಾಗಿದೆ. ಬೆಂಗಳೂರಿನಿಂದ ಹರಿಹರಕ್ಕೆ ಹೊರಟ ರೈಲು ದಾರಿ ತಿಪಟೂರನ್ನು ಹಾದುಹೋಯಿತು, ಹೊನ್ನವಳ್ಳಿ ಬದಿಗೆ ಉಳಿಯಿತು. ಹೀಗೆ ಸಾವಿರ ವರ್ಷಗಳ ಹಳೆಯ ಕಲ್ಲುಗಳಿಗೆ ರೈಸ್ ಅವರು ಅಂಟಿಸಿದ ಚೀಟಿ ಇಪ್ಪತ್ತು ವರ್ಷವೂ ತುಂಬದ ಆಡಳಿತ ವಿಂಗಡಣೆಯದು. ಶಾಸನಗಳ ಕಾಲದಲ್ಲಿ ಈ ಪ್ರದೇಶವನ್ನು ಗುರುತಿಸುತ್ತಿದ್ದ ನಾಡುಗಳ ಎಲ್ಲೆಗಳು ಆ ಚೀಟಿಯಲ್ಲಿ ಕಾಣಿಸುವುದಿಲ್ಲ. ಅವನ್ನು ಪಾಠದೊಳಗಿಂದ ಒಂದೊಂದಾಗಿ ಆಯ್ದು ಜೋಡಿಸುವ ಕೆಲಸ ಮುಂದಿನವರಿಗೆ ಉಳಿಯಿತು.

ಇದನ್ನು ದೋಷವೆಂದು ಎಣಿಸುವುದು ಸುಲಭ. ಆದರೆ ಬೇರೆ ಕ್ರಮವನ್ನು ಹಿಡಿದಿದ್ದರೆ ಏನಾಗುತ್ತಿತ್ತೆಂಬುದನ್ನೂ ಯೋಚಿಸಬೇಕು. ರಾಜವಂಶಗಳ ಪ್ರಕಾರ ವಿಂಗಡಿಸಿದ್ದರೆ ದೊರೆಯ ಹೆಸರಿಲ್ಲದ, ತೇದಿಯಿಲ್ಲದ, ಎರಡು ಮೂರು ಸಾಲಿನ ಪುಟ್ಟ ಕಲ್ಲುಗಳು ಎಲ್ಲಿಯೂ ನಿಲ್ಲದೆ ಜಾರಿಹೋಗುತ್ತಿದ್ದವು. ಊರಿನ ಸರದಿಯಲ್ಲಿ ನಡೆದುದರಿಂದ ಊರೊಳಗೆ ಇರುವುದೆಲ್ಲವೂ ಎಣಿಕೆಗೆ ಬಂತು. ವಂಶ ಮತ್ತು ಕಾಲಾನುಕ್ರಮದ ಪಟ್ಟಿಯನ್ನು ಅವರು ಸಂಪುಟದ ಮೊದಲಿಗೆ ಪ್ರತ್ಯೇಕವಾಗಿ ಕೊಟ್ಟರು; ಶಾಸನಗಳ ಮೂಲಕ್ರಮವನ್ನು ಮಾತ್ರ ಕದಲಿಸಲಿಲ್ಲ. ದಾಖಲೆಗಳನ್ನು ಅವು ಹುಟ್ಟಿದ ಜಾಗದ ಸಂಬಂಧವನ್ನು ಕೆಡಿಸದೆ ಇರಿಸಬೇಕೆಂಬುದು ಇಂದಿನ ದಾಖಲೆ ಸಂರಕ್ಷಣಾ ಶಾಸ್ತ್ರದ ಮೂಲತತ್ತ್ವ. ರೈಸ್ ಅವರಿಗೆ ಅದು ಶಾಸ್ತ್ರವಾಗಿ ಬರಲಿಲ್ಲ, ಕಚೇರಿಯ ಬಳಕೆಯಾಗಿ ಬಂತು.

ಈ ಕ್ರಮದಿಂದ ಉಳಿದುಬಂದುದು ಏನೆಂಬುದನ್ನು ತೆಂಗಿನ ಸೀಮೆಯಲ್ಲಿ ಕಾಣಬಹುದು. ಅರಳುಗುಪ್ಪೆಯ ಕಲ್ಲೇಶ್ವರ ಗುಡಿ 9ನೆಯ ಶತಮಾನದ ಕೊನೆಯ ಭಾಗದ್ದು. ಅದರ ಭುವನೇಶ್ವರಿಯ ಶಿಲ್ಪ ಕಲಾ ಇತಿಹಾಸಕಾರರಿಗೆ ಸುಪರಿಚಿತ. ತುರುವೇಕೆರೆಯ ಚೆನ್ನಿಗರಾಯ ಮತ್ತು ಮೂಲೆ ಶಂಕರೇಶ್ವರ, ನಾಗಲಾಪುರದ ಕೇದಾರೇಶ್ವರ ಮತ್ತು ಚೆನ್ನಕೇಶವ, ವಿಘ್ನಸಂತೆಯ ಲಕ್ಷ್ಮೀನರಸಿಂಹ ಇವು 13ನೆಯ ಶತಮಾನದ ಹೊಯ್ಸಳ ನಿರ್ಮಿತಿಗಳು. ಗುಡಿಗಳು ಕಣ್ಣಿಗೆ ಕಾಣುವುದರಿಂದ ಅವುಗಳ ಕೀರ್ತಿ ಹಬ್ಬಿದೆ. ಶಾಸನಗಳು ಹೇಳುವುದಾದರೋ ಬಹುಮಟ್ಟಿಗೆ ಆಡಳಿತದ ವಿಷಯ. ಇಷ್ಟು ಗದ್ದೆ, ಇಷ್ಟು ಬೆದ್ದಲು, ತೋಟ ಬಿಟ್ಟುಕೊಟ್ಟದ್ದು, ಯಾವ ತೆರಿಗೆಯನ್ನು ಯಾರಿಗೆ ಮಾನ್ಯ ಮಾಡಿದ್ದು, ಸಿದ್ಧಾಯವೆಷ್ಟು, ನಾಲ್ಕೂ ದಿಕ್ಕಿನ ಸೀಮೆಗೆ ಯಾವ ಮರ, ಯಾವ ಬಂಡೆ, ಯಾವ ಹಳ್ಳ, ಸಾಕ್ಷಿ ನಿಂತ ಗಾವುಂಡರು ಯಾರು, ಮಹಾಜನರು ಎಷ್ಟು, ಬರೆದ ಸೇನಬೋವ ಯಾರು ಎಂಬಂಥ ವಿವರಗಳು ದಾನಶಾಸನಗಳ ಸಾಮಾನ್ಯ ಸಾಮಗ್ರಿ. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಯ್ದುಕೊಂಡವನಿಗೆ ಕೆರೆಯ ಕೆಳಗಿನ ಭೂಮಿಯನ್ನು ಬಿಡುವ ಬಿತ್ತುವಟ್ಟ, ಕಟ್ಟುಕೊಡಗೆಗಳು, ಊರಿಗಾಗಿ ಮಡಿದವನ ಮನೆಯವರಿಗೆ ಕೊಡುವ ನೆತ್ತರುಕೊಡಗೆ ಸ್ಥಳೀಯ ಆಡಳಿತದ ಆದೇಶಗಳೇ ಆಗಿವೆ. ಮಳೆ ಕಡಿಮೆಯಾದ ಈ ಬಯಲು ನಾಡಿನಲ್ಲಿ ತೆಂಗು ಅಡಕೆ ನಿಂತಿರುವುದೇ ಕೆರೆಗಳ ಹಿಂದಿನ ತೇವದಿಂದ. ಹಾಗಾಗಿ ಕೆರೆಯ ತೂಬು ಯಾರ ಹೊಣೆ ಎಂಬ ಬರಹ ಇಲ್ಲಿ ಒಣ ವಿವರವಲ್ಲ, ಜೀವನಾಧಾರದ ಪತ್ರ. ಮಧ್ಯಕಾಲೀನ ಕರ್ನಾಟಕದ ಸ್ಥಳೀಯ ಸ್ವಯಮಾಡಳಿತವನ್ನು ಕುರಿತು 1964ರಲ್ಲಿ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದ ಜಿ.ಎಸ್. ದೀಕ್ಷಿತರಿಗಾಗಲಿ, ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು 1966ರಲ್ಲಿ ಹೊರತಂದ ಎಂ. ಚಿದಾನಂದಮೂರ್ತಿ ಅವರಿಗಾಗಲಿ ರೈಸ್ ಅವರ ಸಂಪುಟಗಳಿಲ್ಲದೆ ಅಂಥ ವ್ಯಾಪ್ತಿ ದೊರೆಯುತ್ತಿರಲಿಲ್ಲ.

ದಾಖಲೆಯೆಂದ ಮೇಲೆ ಅದರ ನಿಜ ಸುಳ್ಳಿನ ಪ್ರಶ್ನೆ ಏಳದಿರುವುದಿಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ರೈಸ್ ಮತ್ತು ಜೆ.ಎಫ್. ಫ್ಲೀಟ್ ಅವರ ನಡುವೆ ನಡೆದ ದೀರ್ಘ ವಾದ ಪ್ರಸಿದ್ಧವಾದುದು. ಲಿಪಿ, ಭಾಷೆ, ತೇದಿಗಳ ಅಸಂಗತಿಯನ್ನು ಎತ್ತಿತೋರಿಸಿ ಫ್ಲೀಟ್ ಅವರು ಈ ಪಟಗಳನ್ನು ಕೂಟವೆಂದು ತಳ್ಳಿಹಾಕಿದರು. ರೈಸ್ ಅವರು ಅವುಗಳ ಆಧಾರದಿಂದಲೇ ಗಂಗರ ವಂಶಾವಳಿಯನ್ನು ಕಟ್ಟಿದರು. ಮುಂದಿನ ಸಂಶೋಧನೆ ಇಬ್ಬರನ್ನೂ ಪೂರ್ತಿಯಾಗಿ ಒಪ್ಪಲಿಲ್ಲ. ಪಟಗಳಲ್ಲಿ ಹಲವು ಕೂಟ, ಕೆಲವು ನೈಜ ಎಂಬ ನಿಲುವಿಗೆ ವಿದ್ವಾಂಸರು ಬಂದರು. ಈ ವಾದದಲ್ಲಿ ವಿಮರ್ಶಾಶಕ್ತಿ ಫ್ಲೀಟ್ ಅವರದು ಹೆಚ್ಚಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಕೂಟ ಶಾಸನವೂ ಒಂದು ದಾಖಲೆಯೇ. ಭೂಮಿಯ ಹಕ್ಕನ್ನು ಸಾಧಿಸಲು ಯಾರೋ ಎಂದೋ ಅದನ್ನು ಬರೆಸಿದ್ದಾರೆ. ಬರೆಸುವ ಅಗತ್ಯ ಏಕೆ ಬಂತೆಂಬುದು ಗ್ರಾಮದ ಇತಿಹಾಸದ ಪ್ರಶ್ನೆ. 1860ರ ದಶಕದಲ್ಲಿ ಮೈಸೂರಿನಲ್ಲಿ ಇನಾಮು ಜಮೀನುಗಳ ವಿಚಾರಣೆ ಆರಂಭವಾದಾಗ ಹಳೆಯ ದಾನಪತ್ರಗಳಿಗೆ ಇದ್ದ ಬೆಲೆಯನ್ನು ನೆನೆದರೆ ಇದು ಅರ್ಥವಾಗುತ್ತದೆ. ಸಂಶಯವಿದ್ದುದನ್ನೂ ಅಚ್ಚುಹಾಕಿದ್ದರಿಂದ ಆ ವಿಮರ್ಶೆಗೆ ಸಾಮಗ್ರಿ ಉಳಿಯಿತು.

ರೈಸ್ ಅವರ ಯೋಜನೆಯ ಹೊರಗೆ ಉಳಿದುದು ಕಡತ. ಇಂದು ಕಚೇರಿಯ ಯಾವ ಫೈಲಿಗೂ ಸಲ್ಲುವ ಈ ಮಾತು ಮೂಲದಲ್ಲಿ ಒಂದು ಬರವಣಿಗೆ ಸಾಧನದ ಹೆಸರು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕರ್ನಲ್ ವಿಲ್ಕ್ಸ್ ತಮ್ಮ ಮೈಸೂರು ಇತಿಹಾಸದ ಮುನ್ನುಡಿಯಲ್ಲಿ ಇದನ್ನು ವಿವರಿಸಿದ್ದಾರೆ. ಬೇಕಾದಾಗ ಅಳಿಸಿ ತಿದ್ದಬಹುದಾದ್ದರಿಂದ ಕಡತದ ವಿಶ್ವಾಸಾರ್ಹತೆ ಅದನ್ನು ಕಾಯ್ದುಕೊಂಡವನ ವಿಶ್ವಾಸಾರ್ಹತೆಯೇ ಆಗಿತ್ತು. ಶಾಸನದ ಸೇನಬೋವನೇ ಶಾನುಭೋಗನಾಗಿ ಮುಂದುವರಿದವನು. ಒಬ್ಬನೇ ವೃತ್ತಿಯವನು ಕಲ್ಲಿಗೂ ಬರೆದುಕೊಟ್ಟ, ಬಟ್ಟೆಗೂ ಬರೆದ. ಕಲ್ಲಿನದು ಊರ ಮುಂದೆ ನಿಂತಿತು, ಬಟ್ಟೆಯದು ಮನೆಯ ಅಟ್ಟ ಸೇರಿತು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನ ಮೋಜಣಿಯನ್ನು ಕೈಗೊಂಡ ಕರ್ನಲ್ ಮೆಕೆಂಜಿ, ಕಾವಲಿ ವೆಂಕಟ ಬೊರ್ರಯ್ಯ ಮೊದಲಾದ ಸಹಾಯಕರ ಮೂಲಕ ಊರ ಲೆಕ್ಕಿಗರಿಂದ ಕೈಫಿಯತ್ತುಗಳನ್ನು ಬರೆಯಿಸಿ ತರಿಸಿದ್ದರು. ಅವುಗಳಲ್ಲಿ ಕನ್ನಡದವು ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಿಂದ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬೆಳಕು ಕಂಡವು. ರೈಸ್ ಅವರು ಮೆಕೆಂಜಿಯ ಈ ದಾರಿಯನ್ನು ಮುಂದುವರಿಸಲಿಲ್ಲ. ಕೆಲವು ಸನ್ನದುಗಳನ್ನು ಬಿಟ್ಟರೆ ಅವರ ಸಂಪುಟಗಳು ಕಲ್ಲು ಮತ್ತು ತಾಮ್ರಕ್ಕೆ ಮೀಸಲಾದವು. ಶಾಸನಗಳಿಗೆ ದೊರೆತ ಪ್ರಾಚೀನತೆಯ ಗೌರವ ಇನ್ನೂ ಬಳಕೆಯಲ್ಲಿದ್ದ ಲೆಕ್ಕಪತ್ರಗಳಿಗೆ ದೊರೆಯದಿದ್ದುದು ಸಹಜ. ಆದರೆ ಅದರ ಪರಿಣಾಮ ದೊಡ್ಡದು. ಆನುವಂಶಿಕ ಗ್ರಾಮಾಧಿಕಾರವನ್ನು ರದ್ದುಪಡಿಸುವ ಶಾಸನ 1961ರಲ್ಲಿ ಆದ ಮೇಲೆ ಚಾಲ್ತಿಯ ಖಾತೆ, ಪಹಣಿ ಪುಸ್ತಕಗಳು ಸರ್ಕಾರಿ ಗ್ರಾಮಲೆಕ್ಕಿಗರ ಕೈಸೇರಿದವು. ಚಾಲ್ತಿ ಕಳೆದುಕೊಂಡ ಹಳೆಯ ಕಡತಗಳಿಗೆ ಅಂಥ ವಾರಸುದಾರರಿರಲಿಲ್ಲ. 13ನೆಯ ಶತಮಾನದ ವಿಘ್ನಸಂತೆಯ ದಾನದ ವಿವರಕ್ಕೆ ಅಚ್ಚಿನ ಪಾಠವಿದೆ. ಅದೇ ಸುತ್ತಿನ ಊರುಗಳ 18ನೆಯ ಶತಮಾನದ ಕಂದಾಯ ಲೆಕ್ಕಕ್ಕೆ ಅಂಥ ಸಂಪುಟವಿಲ್ಲ. ಹತ್ತಿರದ ಕಾಲ ದೂರದ ಕಾಲಕ್ಕಿಂತ ಮಸುಕಾಗಿರುವ ಈ ವಿಪರ್ಯಾಸಕ್ಕೆ ಸಂಗ್ರಹದ ಆಯ್ಕೆಯೂ ಒಂದು ಕಾರಣ.

ರೈಸ್ ಅವರ ಕೆಲಸದ ವೇಗವೂ ಚರ್ಚೆಗೆ ಅರ್ಹವಾದುದು. ಒಂಬತ್ತು ಸಾವಿರದ ಸಮೀಪದ ಶಾಸನಗಳು ಎರಡು ದಶಕಗಳ ಒಳಗೆ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಪೀಠಿಕೆಗಳೊಂದಿಗೆ ಹನ್ನೆರಡು ಸಂಪುಟಗಳಾದವು. ಈ ನಡುವೆಯೇ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಅವರಿಂದ ಬೆಳಕಿಗೆ ಬಂದವು. ‘ಪಂಪ ರಾಮಾಯಣ’, ‘ಪಂಪ ಭಾರತ’ಗಳು ಅವರ ‘ಬಿಬ್ಲಿಯೊಥಿಕ ಕರ್ನಾಟಿಕ’ ಮಾಲೆಯಲ್ಲಿ ಅಚ್ಚಾದವು. ಇಂಥ ವೇಗದಲ್ಲಿ ತಪ್ಪುಗಳು ನುಸುಳಿದುದು ಆಶ್ಚರ್ಯವಲ್ಲ. ಓದಿನಲ್ಲಿ ಜಾರಿದ ಅಕ್ಷರಗಳಿವೆ, ತೆರಿಗೆಗಳ ಹೆಸರನ್ನು ಊಹೆಯಿಂದ ಅನುವಾದಿಸಿದ ಕಡೆಗಳಿವೆ, ಬಿಟ್ಟುಹೋದ ಊರುಗಳಿವೆ. ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂದಿದ್ದರೂ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳುವವರೆಗೆ, ಅಂದರೆ 1936ರವರೆಗೆ, ಕಾಯಬೇಕಾಯಿತು. ತುಮಕೂರು ಜಿಲ್ಲೆಗೂ ಮುಂದೆ ಪೂರಕ ಸಂಪುಟವೊಂದು ಬೇಕಾಯಿತು. ಪಾಠಗಳನ್ನು ಓದಿ ನಿರ್ಧರಿಸುವುದರಲ್ಲಿ ದುಡಿದ ಕನ್ನಡ, ಸಂಸ್ಕೃತ, ತಮಿಳು ಪಂಡಿತರ ಪಾಲನ್ನು ಬೇರೆಯಾಗಿ ತೂಗಿನೋಡುವ ಕೆಲಸವೂ ಪೂರ್ಣವಾಗಿ ನಡೆದಿಲ್ಲ. ಆದರೂ ವೇಗಕ್ಕೆ ಒಂದು ಸಮರ್ಥನೆಯಿದೆ. ಕಲ್ಲುಗಳು ಕಾಯುತ್ತಿರಲಿಲ್ಲ. ಕೆರೆಯ ಕೋಡಿಗೆ, ಸೇತುವೆಗೆ, ಮನೆಯ ಮೆಟ್ಟಿಲಿಗೆ, ಬಟ್ಟೆ ಒಗೆಯುವ ಚಪ್ಪಡಿಗೆ ಅವು ದಿನವೂ ಸಲ್ಲುತ್ತಿದ್ದವು. ಅಚ್ಚಾದ ಪಾಠವೊಂದೇ ಉಳಿದು ಕಲ್ಲು ಕಾಣೆಯಾದ ಊರುಗಳಲ್ಲಿ ನಿಂತು ನೋಡಿದವರು ರೈಸ್ ಅವರ ಆತುರವನ್ನು ದೂರಲಾರರು.

1899ರಲ್ಲಿ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ಯರು ರೈಸ್ ಅವರಿಗೆ ತಕ್ಕ ಉತ್ತರಾಧಿಕಾರಿಯಾದರು. 1906ರಲ್ಲಿ ರೈಸ್ ಅವರು ನಿವೃತ್ತರಾದಾಗ ಇಲಾಖೆಯ ಹೊಣೆ ಅವರಿಗೆ ಹೋಯಿತು. ಮರುವರ್ಷವೇ ಹೊರಬಂದ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟದಲ್ಲಿ ಕವಿಗಳ ಕಾಲನಿರ್ಣಯಕ್ಕೆ ಶಾಸನಗಳನ್ನು ಬಳಸಿಕೊಂಡ ಬಗೆಯಲ್ಲಿ ಈ ಇಲಾಖೆಯ ಶಿಸ್ತು ಕಾಣುತ್ತದೆ. ಸ್ಥಳೀಯ ಆಡಳಿತದ ಕಾಗದವೆಂದು ಹುಟ್ಟಿದ ಬರಹ ಸಾಹಿತ್ಯ ಚರಿತ್ರೆಯ ಬೆನ್ನೆಲುಬಾದದ್ದು ಹೀಗೆ.

ರೈಸ್ ಅವರು ಇಂಗ್ಲೆಂಡಿಗೆ ಹೋಗಿ ಹ್ಯಾರೋದಲ್ಲಿ ನೆಲೆಸಿದರು. ಹನ್ನೆರಡು ಸಂಪುಟಗಳ ಸಾರವನ್ನು ಭಟ್ಟಿಯಿಳಿಸಿದ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’ 1909ರಲ್ಲಿ ಪ್ರಕಟವಾಯಿತು. ಆಮೇಲೆ ಅವರು 1886ರ ತಮ್ಮ ಮೊದಲ ಸಂಪುಟವಾದ ಕೊಡಗಿನ ಶಾಸನಗಳನ್ನು ಮತ್ತೆ ಕೈಗೆತ್ತಿಕೊಂಡು, ಹೊಸದಾಗಿ ದೊರೆತವನ್ನು ಸೇರಿಸಿ, ಹಳೆಯ ಓದುಗಳನ್ನು ತಿದ್ದಿ, 1914ರಲ್ಲಿ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದರು. ಆಗ ಅವರ ವಯಸ್ಸು ಎಪ್ಪತ್ತೇಳು. ಉಳಿದ ಸಂಪುಟಗಳ ಪರಿಷ್ಕರಣೆಯಲ್ಲಿ ಶ್ರವಣಬೆಳಗೊಳದ್ದನ್ನು ನರಸಿಂಹಾಚಾರ್ಯರು 1923ರಲ್ಲಿ ಮುಗಿಸಿದರು. ತಾಲ್ಲೂಕುಗಳ ಹೊಸ ವಿಂಗಡಣೆಯ ಪ್ರಕಾರ ಇಡೀ ಮಾಲೆಯನ್ನು ಪುನಃ ಸಂಪಾದಿಸುವ ಕಾರ್ಯವನ್ನು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಕೈಗೊಂಡಿತು. ರೈಸ್ ಅವರು 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋದಲ್ಲಿ ತೀರಿಕೊಂಡರು.